ಮೀಟಿಂಗ್ ಕರೆಯುವುದು, ನಡೆಸುವುದು, ಮುಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ 9 ವರ್ಷ ಪ್ಲಾನಿಂಗ್ ವಿಭಾಗದಲ್ಲಿದ್ದೆ. ಆಮೇಲೆ ಸಾಫ್ಟ್‌ವೇರ್ ಕಂಪನಿಗೆ ಬಂದೆ. ಎರಡೂ ಕಡೆ ದಿನದ ದೊಡ್ಡ ಪಾಲು ಮೀಟಿಂಗಲ್ಲೇ ಹೋಗುತ್ತಿತ್ತು. ಹೊಸದಾಗಿ ಟೀಮ್ ಲೀಡ್ ಆದವರು, ಸೂಪರ್‌ವೈಸರ್ ಆದವರು, ಮೊದಲ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಫೋನ್ ಮಾಡಿ, ಬರೆದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಮಾತಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಎಲ್ಲವನ್ನೂ ಓದಲೇಬೇಕು ಅಂತೇನಿಲ್ಲ.

## ಮೊದಲ ಸಲ ಮೀಟಿಂಗ್ ಕರೆಯುವವರಿಗೆ

ಇದಕ್ಕೆ ಮೀಟಿಂಗ್ ಬೇಕಾ, ಇಲ್ಲ ಒಂದು ಮೆಸೇಜ್ ಸಾಕಾ? ಹೇಗೆ ಗೊತ್ತಾಗತ್ತೆ?

ಒಂದು ಕಾಗದದ ಮೇಲೆ ಈ ವಾಕ್ಯ ಬರೆಯಿರಿ: "ಈ ಮೀಟಿಂಗ್ ಮುಗಿದಾಗ ನಾವು ______ ಅಂತ ತೀರ್ಮಾನ ಮಾಡಿರುತ್ತೇವೆ." ಖಾಲಿ ಜಾಗ ತುಂಬಲು ಆದರೆ ಮೀಟಿಂಗ್ ಕರೆಯಿರಿ. ಆಗದಿದ್ದರೆ ನಿಮ್ಮ ಬಳಿ ಇರುವುದು ಸುದ್ದಿ, ಅದನ್ನು ಬರೆದು ಕಳಿಸಿದರೆ ಆಯಿತು. ರಜೆ ಪಟ್ಟಿ, ಹೊಸ ಫಾರ್ಮ್, ಕಳೆದ ವಾರದ ಲೆಕ್ಕ, ಇದ್ಯಾವುದಕ್ಕೂ ಹತ್ತು ಜನ ಒಂದು ಕೋಣೆಯಲ್ಲಿ ಕೂರಬೇಕಿಲ್ಲ.

ಇದಕ್ಕೆ ಎರಡು ವಿನಾಯಿತಿ ಇಟ್ಟುಕೊಳ್ಳಿ. ಕೆಟ್ಟ ಸುದ್ದಿ ಹೇಳಬೇಕಾದರೆ ಎದುರಿಗೆ ಕೂತು ಹೇಳಿ. ಟೀಮಿನಿಂದ ಯಾರನ್ನೋ ತೆಗೆಯುತ್ತಿದ್ದೇವೆ ಅನ್ನುವುದನ್ನು ಮೇಲ್‌ನಲ್ಲಿ ಓದುವ ಗತಿ ಯಾರಿಗೂ ಬರಬಾರದು. ಇನ್ನೊಂದು, ಇಬ್ಬರ ನಡುವೆ ಮೇಲ್ ಮೂರು ನಾಲ್ಕು ಸಲ ಹೋಗಿ ಬಂದು ಮಾತು ಬಿಸಿಯಾಗುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಕರೆದು ಮಾತಾಡಿ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಅಜೆಂಡಾದಲ್ಲಿ ಏನು ಬರೀಬೇಕು? ನಮ್ಮಲ್ಲಿ ‘ಪ್ರಾಜೆಕ್ಟ್ ಚರ್ಚೆ’ ಅಂತ ಹಾಕ್ತಾರೆ, ಅಷ್ಟೇ.

'ಪ್ರಾಜೆಕ್ಟ್ ಚರ್ಚೆ' ಅಂತ ಬರೆದರೆ ಜನ ಏನನ್ನು ಓದಿಕೊಂಡು ಬರಬೇಕು? ಪ್ರತಿ ಸಾಲನ್ನೂ ಪ್ರಶ್ನೆಯಾಗಿ ಬರೆಯಿರಿ. 'ವೆಂಡರ್ ವಿಷಯ' ಬೇಡ, 'ಹಳೇ ವೆಂಡರ್ ಜೊತೆ ಮಾರ್ಚ್‌ವರೆಗೆ ಮುಂದುವರಿಯೋಣವೇ, ಈಗಲೇ ಬದಲಿಸೋಣವೇ?' ಅಂತ ಬರೆಯಿರಿ. ಓದಿದ ಕೂಡಲೇ ಮನಸ್ಸು ಕೆಲಸ ಶುರು ಮಾಡುತ್ತದೆ. ಪಕ್ಕದಲ್ಲಿ ಎಷ್ಟು ನಿಮಿಷ, ಮಾತು ಶುರು ಮಾಡುವವರು ಯಾರು ಎಂದು ಸೇರಿಸಿ. ಒಂದು ಗಂಟೆಗೆ ಇಂಥ ಮೂರು ಪ್ರಶ್ನೆ ಸಾಕು.

ಓದುವುದು ಏನಾದರೂ ಇದ್ದರೆ ಹಿಂದಿನ ದಿನವೇ ಕಳಿಸಿ. ಆದರೂ ಅರ್ಧ ಜನ ಓದಿರುವುದಿಲ್ಲ. ಇದಕ್ಕೆ ಅಮೆಜಾನ್‌ನಲ್ಲಿ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. 2004ರಲ್ಲಿ ಜೆಫ್ ಬೆಜೋಸ್ ತಮ್ಮ ಹಿರಿಯ ಅಧಿಕಾರಿಗಳ ಮೀಟಿಂಗಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಅದರ ಬದಲು ಆರು ಪುಟ ಮೀರದ ಟಿಪ್ಪಣಿಯನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ತರಬೇಕು, ಮೀಟಿಂಗ್ ಶುರುವಾದಾಗ ಎಲ್ಲರೂ ಸುಮ್ಮನೆ ಕೂತು ಅದನ್ನು ಓದಬೇಕು, ಮಾತು ಆಮೇಲೆ. ನಮ್ಮ ಟೀಮಿನಲ್ಲಿ ಒಂದು ಪುಟ, ಏಳು ನಿಮಿಷ ಅಂತ ಇಟ್ಟುಕೊಂಡೆವು. ಮೊದಲ ದಿನ ಆ ಮೌನ ಎಲ್ಲರಿಗೂ ಮುಜುಗರ ತಂದಿತು. ಮೂರನೇ ವಾರಕ್ಕೆ ಅಭ್ಯಾಸವಾಯಿತು. ಬರೆಯಲು ಕೂತವರಿಗೆ ತಮ್ಮ ವಿಚಾರ ಎಲ್ಲಿ ಪೊಳ್ಳು ಅಂತ ಅವರಿಗೇ ಗೊತ್ತಾಗುತ್ತದಲ್ಲ, ದೊಡ್ಡ ಲಾಭ ಅದೇ.

ಎಷ್ಟು ಜನರನ್ನ ಕರೀಬೇಕು? ಕೆಲವರನ್ನ ಬಿಟ್ರೆ ಬೇಜಾರು ಮಾಡ್ಕೋತಾರೆ.

ಬೇಜಾರಾಗುತ್ತದೆ ಅನ್ನುವುದು ನಿಜ. ನಮ್ಮಲ್ಲಿ ಮೀಟಿಂಗಿಗೆ ಕರೆಯುವುದು ಮರ್ಯಾದೆಯ ಪ್ರಶ್ನೆಯೂ ಹೌದು, ಮದುವೆ ಪತ್ರಿಕೆ ಕೊಟ್ಟ ಹಾಗೆ. ಆದರೆ ಲೆಕ್ಕ ಹಾಕಿ ನೋಡಿ. ಹತ್ತು ಜನ ಒಂದು ಗಂಟೆ ಕೂತರೆ ಹತ್ತು ಗಂಟೆ ಕೆಲಸ ಹೋಯಿತು, ಒಬ್ಬರ ಇಡೀ ದಿನಕ್ಕಿಂತ ಜಾಸ್ತಿ.

ತೀರ್ಮಾನ ಮಾಡುವ ಅಧಿಕಾರ ಇರುವವರು, ವಿಷಯ ಗೊತ್ತಿರುವವರು, ಆಮೇಲೆ ಆ ಕೆಲಸ ಮಾಡಬೇಕಾದವರು, ಇಷ್ಟು ಜನ ಬೇಕೇ ಬೇಕು. ಮೂರನೆಯವರನ್ನು ಬಿಟ್ಟುಬಿಡುವುದೇ ಹೆಚ್ಚು. ಮ್ಯಾನೇಜರ್‌ಗಳೇ ಕೂತು ದಿನಾಂಕ ಒಪ್ಪಿಕೊಂಡು, ಆಮೇಲೆ ಮಾಡುವವನಿಗೆ ತಿಳಿಸುತ್ತಾರೆ. ನನ್ನ ಅಂದಾಜಿನಲ್ಲಿ ಏನಾದರೂ ತೀರ್ಮಾನ ಆಗಬೇಕಾದ ಮೀಟಿಂಗಿಗೆ ಏಳು ಜನ ದಾಟಬಾರದು.

ಉಳಿದವರಿಗೆ ಮೊದಲೇ ಒಂದು ಮಾತು ಹೇಳಿ: "ನಿಮ್ಮ ಟೈಮ್ ಉಳಿಸೋಣ ಅಂತ ಕರೆದಿಲ್ಲ, ಏನಾಯಿತು ಅಂತ ಇವತ್ತೇ ಬರೆದು ಕಳಿಸ್ತೀನಿ, ನಿಮಗೆ ಹೇಳೋದಿದ್ರೆ ಈಗಲೇ ಹೇಳಿ." ಹೇಳಿದ ಹಾಗೆ ಅವತ್ತೇ ಕಳಿಸಿ. ಎರಡು ಸಲ ಹೀಗೆ ಮಾಡಿದರೆ ಬೇಜಾರು ಹೋಗುತ್ತದೆ, ಕರೆಯದಿದ್ದರೇ ಚೆನ್ನ ಅನ್ನುತ್ತಾರೆ.

ಎಷ್ಟು ಹೊತ್ತು ಇಡೋದು?

ಕ್ಯಾಲೆಂಡರ್ ತಾನಾಗಿ ತೋರಿಸುವ 30 ನಿಮಿಷ, 60 ನಿಮಿಷವನ್ನು ಹಾಗೇ ಒಪ್ಪಿಕೊಳ್ಳಬೇಡಿ. 25 ಅಥವಾ 50 ಇಡಿ. ಮುಂದಿನ ಮೀಟಿಂಗಿಗೆ ಹೋಗುವ ಮುಂಚೆ ನೀರು ಕುಡಿಯಲು, ಎದ್ದು ಓಡಾಡಲು ಜನಕ್ಕೆ ಸ್ವಲ್ಪ ಬಿಡುವು ಬೇಕಲ್ವಾ. ಒಂದೂವರೆ ಗಂಟೆ ದಾಟುವುದಾದರೆ ನಡುವೆ ಕಾಫಿಗೆ ಬಿಡಿ. ಊಟದ ಹೊತ್ತನ್ನು ಮುಟ್ಟಲೇಬೇಡಿ. ಕೆಲಸ ಬೇಗ ಮುಗಿದರೆ ಬೇಗ ಎಬ್ಬಿಸಿ.

ಹತ್ತು ಗಂಟೆ ಅಂದ್ರೆ ಹತ್ತೂಕಾಲಿಗೆ ಬರ್ತಾರೆ. ಏನು ಮಾಡೋದು?

ಹತ್ತಕ್ಕೆ ಶುರು ಮಾಡಿ. ಇಬ್ಬರೇ ಇದ್ದರೂ ಶುರು ಮಾಡಿ. ತಡವಾಗಿ ಬಂದವರಿಗಾಗಿ ಮೊದಲಿನಿಂದ ಹೇಳಬೇಡಿ, ಹೇಳಿದರೆ ಹೊತ್ತಿಗೆ ಸರಿಯಾಗಿ ಬಂದವರಿಗೆ ಶಿಕ್ಷೆ ಕೊಟ್ಟ ಹಾಗೆ. ಜನರ ಎದುರು ಬೈಯಲೂ ಬೇಡಿ. ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್ ದಾಟಿ ಬರುವವರ ಕಷ್ಟ ಅವರಿಗೇ ಗೊತ್ತು. ಅದಕ್ಕೇ ನಾನು ಬೆಳಗಿನ ಮೊದಲ ಮೀಟಿಂಗನ್ನು 10.30ಕ್ಕಿಂತ ಮುಂಚೆ ಇಡುವುದಿಲ್ಲ. ಮುಖ್ಯ ಪ್ರಶ್ನೆಯನ್ನು ಮೊದಲೇ ಎತ್ತಿಕೊಳ್ಳಿ. ತಾವಿಲ್ಲದಾಗ ತೀರ್ಮಾನ ಆಗಿಬಿಡುತ್ತದೆ ಅಂತ ಗೊತ್ತಾದರೆ ಜನ ಬರುತ್ತಾರೆ.

## ನಡೆಸುವಾಗ

ಒಬ್ಬರೇ ಮಾತಾಡ್ತಾರೆ, ಅದೂ ಸೀನಿಯರ್. ತಡೆಯೋದು ಹೇಗೆ?

ಸೀನಿಯರ್ ಮೊದಲು ಅಭಿಪ್ರಾಯ ಹೇಳಿದರೆ ಉಳಿದವರ ಅಭಿಪ್ರಾಯ ಅಲ್ಲಿಗೆ ಮುಗಿಯಿತು. ಹಾಗಾಗಿ ಮೀಟಿಂಗಿಗೆ ಮುಂಚೆಯೇ ಅವರ ಬಳಿ ಹೋಗಿ ಕೇಳಿಕೊಳ್ಳಿ: "ಸರ್, ನೀವು ಮೊದಲೇ ಹೇಳಿಬಿಟ್ರೆ ಬೇರೆಯವರು ಬಾಯಿ ಬಿಡಲ್ಲ. ಎಲ್ಲರದ್ದೂ ಆದಮೇಲೆ ಕೊನೆಗೆ ನೀವು ಹೇಳಿ." ಇದರಲ್ಲಿ ಅವರಿಗೆ ಗೌರವವೂ ಉಳಿಯುತ್ತದೆ. ನಾನು ಕೇಳಿದವರಲ್ಲಿ ಹೆಚ್ಚಿನವರು ಖುಷಿಯಿಂದ ಒಪ್ಪಿದ್ದಾರೆ.

ಮೀಟಿಂಗಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ, ಹೊಸಬರಿಂದ ಶುರು ಮಾಡಿ. ಮಾತು ತೀರಾ ಉದ್ದವಾದರೆ ನಡುವೆ ಅವರದೇ ಮಾತನ್ನು ಚಿಕ್ಕದಾಗಿ ತಿರುಗಿ ಹೇಳಿ: "ಅಂದ್ರೆ ಸರ್, ಏಪ್ರಿಲ್ ಸಾಲಲ್ಲ, ಮೇ ಬೇಕು ಅಂತೀರಾ. ಬರ್ಕೊಂಡೆ. ಈಗ ಕ್ವಾಲಿಟಿಯವರು ಏನಂತಾರೆ ಕೇಳೋಣ." ತನ್ನ ಮಾತು ಬರೆದುಕೊಂಡರು ಅಂತ ಕಂಡ ಮೇಲೆ ಯಾರೂ ಅದನ್ನೇ ಮತ್ತೆ ಮತ್ತೆ ಹೇಳುವುದಿಲ್ಲ.

ಮೀಟಿಂಗ್ ಇಂಗ್ಲಿಷಲ್ಲಿ ನಡೆಯತ್ತೆ. ವಿಷಯ ಗೊತ್ತಿದ್ರೂ ಬಾಯಿ ಬರಲ್ಲ. ಸುಮ್ನೆ ಕೂತು ಎದ್ದು ಬರ್ತೀನಿ.

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು, ನನ್ನ ಮನಸ್ಸಿಗೆ ತಟ್ಟುವುದೂ ಇದೇ. ಒಂದು ಘಟನೆ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಪ್ರತಿ ಸೋಮವಾರ ರಿವ್ಯೂ ಇರುತ್ತಿತ್ತು. ಶಾಫ್ಟ್ ಎಂಬ ಒಂದು ಬಿಡಿಭಾಗ ಮೂರು ವಾರದಿಂದ ತಡವಾಗಿ ಹೋಗುತ್ತಿತ್ತು. ಸ್ಲೈಡ್ ಮೇಲೆ ಸ್ಲೈಡ್. ಮಷಿನ್ ಹಳೆಯದು, ಆಪರೇಟರ್ ಹೊಸಬ, ಟೂಲ್ ಬೇಗ ಸವೆಯುತ್ತಿದೆ, ಹೀಗೆ ಎಲ್ಲರೂ ಒಂದೊಂದು ಕಾರಣ ಹೇಳಿದರು. ಸ್ಟೋರ್ಸ್‌ನ ಹಿರಿಯರೊಬ್ಬರು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದರು. ಎರಡು ಸಲ ಅದನ್ನು ತೆರೆದರು, ಎರಡು ಸಲ ಮುಚ್ಚಿದರು. ನಾನು ನೋಡಿದೆ, ಆದರೆ ಕೇಳಲಿಲ್ಲ.

ಮಧ್ಯಾಹ್ನ ಕ್ಯಾಂಟೀನಲ್ಲಿ ಟೀ ಕುಡಿಯುವಾಗ ಅವರೇ ಬಂದರು. "ಸರ್, ಮಷಿನ್ನು ಸರಿಯಾಗೇ ಇದೆ. 30 ಎಂಎಂ ರಾಡ್ ಬದಲು 32 ಎಂಎಂ ಬರ್ತಾ ಇದೆ. ಅದನ್ನ ಮೊದಲು ತಿರುವಿ ಇಳಿಸ್ಕೊಂಡು ಆಮೇಲೆ ಕೆಲಸ ಶುರು ಮಾಡ್ತಾರೆ. ಒಂದೊಂದು ಪೀಸಿಗೂ ನಾಲ್ಕು ನಿಮಿಷ ಜಾಸ್ತಿ." ರಿಜಿಸ್ಟರ್ ತೆರೆದು ತೋರಿಸಿದರು. ಮೂರು ಲೋಡ್, ಮೂರರ ಮುಂದೂ ನೀಲಿ ಪೆನ್ನಲ್ಲಿ ವರ್ನಿಯರ್ ಹಿಡಿದು ಅಳೆದ ಅಳತೆ. ಬೆಳಿಗ್ಗೆ ಯಾಕೆ ಹೇಳಲಿಲ್ಲ ಅಂದೆ. "ಅಲ್ಲಿ ಎಲ್ಲಾ ಇಂಗ್ಲಿಷಲ್ಲಿ ನಡೀತಿತ್ತಲ್ಲ ಸರ್, ನಡುವೆ ಹೇಗೆ ಬಾಯಿ ಹಾಕೋದು."

ಮೂರು ವಾರದ ಉತ್ತರ ಆ ಕೋಣೆಯಲ್ಲೇ ಇತ್ತು. ಮುಂದಿನ ಸೋಮವಾರದಿಂದ ಮೊದಲ ಹದಿನೈದು ನಿಮಿಷ ಸ್ಲೈಡ್ ಬೇಡ, ಸ್ಟೋರ್ಸ್ ಮತ್ತು ಶಾಪ್‌ಫ್ಲೋರ್‌ನವರು ಕನ್ನಡದಲ್ಲಿ ಮೊದಲು ಹೇಳಲಿ ಎಂದು ಬಾಸ್ ಬಳಿ ಕೇಳಿಕೊಂಡೆ. ಅವರು ತಮಿಳರು, ಕನ್ನಡ ಅರ್ಥವಾಗುತ್ತಿತ್ತು, ಒಪ್ಪಿದರು.

ಮೀಟಿಂಗ್ ನಡೆಸುವವರು ನೀವಾಗಿದ್ದರೆ ಶುರುವಿನಲ್ಲೇ ಹೇಳಿ, ಯಾರಿಗೆ ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಿ, ಅರ್ಥವಾಗದವರಿಗೆ ನಾನು ಹೇಳುತ್ತೇನೆ ಅಂತ. ಹಾಗೇ ಮಾಡಿ. ಎರಡು ಸಾಲಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳಲು ಅರ್ಧ ನಿಮಿಷ ಸಾಕು.

ಮಾತಾಡಬೇಕಾದವರು ನೀವಾಗಿದ್ದರೆ, ಮೊದಲು ಒಂದು ಅಂಕಿ ಅಥವಾ ಒಂದು ವಸ್ತು ಮುಂದಿಡಿ. ರಿಜಿಸ್ಟರಿನ ಪುಟ, ಫೋಟೊ, ಕೆಟ್ಟ ಪೀಸ್, ಯಾವುದಾದರೂ ಸರಿ. ಅದನ್ನು ಕಂಡವರು ತಾವೇ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುವುದು ಸುಲಭ. "ಕನ್ನಡದಲ್ಲಿ ಹೇಳ್ತೀನಿ" ಅಂತ ಒಂದೇ ಮಾತು ಹೇಳಿ ಶುರು ಮಾಡಿ, ಕ್ಷಮೆ ಕೇಳಬೇಡಿ. ಆನ್‌ಲೈನ್ ಆದರೆ ಮೊದಲು ಚಾಟ್‌ನಲ್ಲಿ ಬರೆಯಿರಿ. ನಿಮ್ಮ ಕೆಲಸ ಆ ಕೋಣೆಯಲ್ಲಿ ಬೇರೆ ಯಾರಿಗಿಂತಲೂ ನಿಮಗೆ ಚೆನ್ನಾಗಿ ಗೊತ್ತು.

ದೊಡ್ಡ ವಿಷಯ ಐದು ನಿಮಿಷದಲ್ಲಿ ಮುಗಿಯತ್ತೆ, ಟೀ ಕಪ್ ಯಾವುದು ತರೋದು ಅಂತ ಅರ್ಧ ಗಂಟೆ. ಯಾಕೆ ಹೀಗೆ?

ನಿಮ್ಮ ಆಫೀಸಿನಲ್ಲಿ ಮಾತ್ರ ಅಲ್ಲ. ಬ್ರಿಟನ್ನಿನ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲೇ ಇದನ್ನು ಬರೆದರು. ಅವರು ಕಲ್ಪಿಸಿಕೊಂಡ ಸಮಿತಿಯೊಂದು ಪರಮಾಣು ಸ್ಥಾವರದ ಖರ್ಚನ್ನು ಎರಡೂವರೆ ನಿಮಿಷದಲ್ಲಿ ಒಪ್ಪಿಬಿಡುತ್ತದೆ, ಸೈಕಲ್ ಶೆಡ್ಡಿನ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತದೆ. ಪರಮಾಣು ಸ್ಥಾವರ ಯಾರಿಗೂ ಪೂರ್ತಿ ಅರ್ಥವಾಗುವುದಿಲ್ಲ, ಹಾಗಾಗಿ ಎಲ್ಲರೂ ಸುಮ್ಮನಿರುತ್ತಾರೆ. ಸೈಕಲ್ ಶೆಡ್ ಎಲ್ಲರಿಗೂ ಗೊತ್ತು, ಎಲ್ಲರಿಗೂ ಒಂದು ಮಾತು ಹೇಳಬೇಕು.

ಚಿಕ್ಕ ವಿಷಯವನ್ನು ಮೀಟಿಂಗಿಗೆ ತರಲೇಬೇಡಿ, ಒಬ್ಬರಿಗೆ ವಹಿಸಿಬಿಡಿ. ದೊಡ್ಡ ವಿಷಯ ಸುಮ್ಮನೆ ಪಾಸಾಗುತ್ತಿದ್ದರೆ ತಡೆದು ನಿಲ್ಲಿಸಿ, "ಇದನ್ನ ಅರ್ಥವಾಗೋ ಹಾಗೆ ಇನ್ನೊಂದು ಸಲ ಹೇಳ್ತೀರಾ" ಅಂತ ನೀವೇ ಕೇಳಿ. ನಿಮ್ಮ ಹಾಗೇ ಅರ್ಥವಾಗದೆ ಕೂತಿರುವವರು ಇನ್ನೂ ನಾಲ್ಕು ಜನ ಇರುತ್ತಾರೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್ ಶತ್ರು ಹಿಡಿತದ ನಾಡುಗಳಲ್ಲಿದ್ದ ಜನರಿಗಾಗಿ ಒಂದು ಕೈಪಿಡಿ ಮಾಡಿತ್ತು. ಶತ್ರುವಿನ ಕೆಲಸವನ್ನು ಸದ್ದಿಲ್ಲದೆ ಕೆಡಿಸುವುದು ಹೇಗೆ ಅಂತ ಅದರಲ್ಲಿ ಹೇಳಿತ್ತು. ಎಲ್ಲವನ್ನೂ ಸಮಿತಿಗೆ ಒಪ್ಪಿಸಿ, ಸಮಿತಿ ಆದಷ್ಟು ದೊಡ್ಡದಿರಲಿ, ಉದ್ದುದ್ದ ಭಾಷಣ ಮಾಡಿ, ಸಂಬಂಧವಿಲ್ಲದ ವಿಷಯ ಎತ್ತಿ, ಹೋದ ಮೀಟಿಂಗಲ್ಲಿ ತೀರ್ಮಾನವಾದದ್ದನ್ನು ಮತ್ತೆ ಕೆದಕಿ. ಹೊಸ ಟೀಮ್ ಲೀಡ್‌ಗಳಿಗೆ ನಾನು ಈ ಪಟ್ಟಿ ಓದಿ ಹೇಳುತ್ತೇನೆ. ಯಾವುದನ್ನು ಮಾಡಬಾರದು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ದಿನಾ ಬೆಳಿಗ್ಗೆ ಸ್ಟ್ಯಾಂಡಪ್ ಅಂತ ಮಾಡ್ತಾರೆ, ಮುಕ್ಕಾಲು ಗಂಟೆ ಆಗತ್ತೆ. ಇದು ಸರೀನಾ?

ಸರಿಯಲ್ಲ. ಸ್ಟ್ಯಾಂಡಪ್ ಅಂದರೆ ಟೀಮಿನವರು ನಿಂತುಕೊಂಡೇ ಮುಗಿಸುವ ದಿನದ ಚಿಕ್ಕ ಮೀಟಿಂಗ್. ಸಾಫ್ಟ್‌ವೇರ್ ಟೀಮುಗಳು ಬಳಸುವ ಸ್ಕ್ರಮ್ ಎಂಬ ಕೆಲಸದ ಪದ್ಧತಿಯ ನಿಯಮದಲ್ಲೇ ಅದಕ್ಕೆ 15 ನಿಮಿಷ ಅಂತಿದೆ. ಮ್ಯಾನೇಜರ್‌ಗೆ ಹಾಜರಿ ಹಾಕುವ ಜಾಗ ಆದಾಗ ಅದು ಉದ್ದವಾಗುತ್ತದೆ. ಪ್ರತಿಯೊಬ್ಬರೂ ನಿನ್ನೆ ಏನೇನು ಮಾಡಿದೆ ಅಂತ ಅವರ ಮುಖ ನೋಡಿಕೊಂಡು ಒಪ್ಪಿಸುತ್ತಾರೆ.

ಇದು ಹೇಗಿರಬೇಕು ಅಂತ ನಾನು ಕಲಿತದ್ದು ಸಾಫ್ಟ್‌ವೇರಲ್ಲಿ ಅಲ್ಲ, ಕಾರ್ಖಾನೆಯಲ್ಲಿ. ನಮ್ಮ ಮೊದಲ ಶಿಫ್ಟ್ ಮುಗಿಯುತ್ತಿದ್ದದ್ದು 2 ಗಂಟೆಗೆ. 1.50ಕ್ಕೆ ಹೋಗುವ ಶಿಫ್ಟಿನವರೂ ಬರುವ ಶಿಫ್ಟಿನವರೂ ಲೇತ್ ಮಷಿನ್‌ಗಳ ಪಕ್ಕದ ಬಿಳಿ ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಕುರ್ಚಿ ಇಲ್ಲ. ಮಷಿನ್ ಸದ್ದಿನಲ್ಲಿ ಕೂಗಿ ಹೇಳಬೇಕು, ಹಾಗಾಗಿ ಯಾರೂ ಎರಡು ಮಾತು ಹೆಚ್ಚು ಆಡುತ್ತಿರಲಿಲ್ಲ. ಯಾರಿಗಾದರೂ ಪೆಟ್ಟಾಯಿತಾ, ಎಷ್ಟು ಪೀಸ್ ಕೆಟ್ಟಿತು, ಎಷ್ಟು ಆಯಿತು, ಯಾವ ಮಷಿನ್ ತೊಂದರೆ ಕೊಡುತ್ತಿದೆ, ಯಾರು ರಜೆ. "ಮೂರನೇ ಮಷಿನ್ ಕೂಲಂಟ್ ಪೈಪ್ ಸೋರ್ತಿದೆ. ಬಟ್ಟೆ ಸುತ್ತಿದೀನಿ. ಮೆಂಟೆನೆನ್ಸ್‌ನವರು ಮೂರು ಗಂಟೆಗೆ ಬರ್ತಾರೆ, ಅಲ್ಲೀವರೆಗೂ ಸ್ಪೀಡ್ ಏರಿಸ್ಬೇಡ." ಬಂದವನು ಅದನ್ನೇ ತಿರುಗಿ ಹೇಳುತ್ತಿದ್ದ: "ಮೂರನೇ ಮಷಿನ್, ಮೂರು ಗಂಟೆ, ಸ್ಪೀಡ್ ಏರಿಸಲ್ಲ." ಅಲ್ಲಿಗೆ ಆಯಿತು. ಎಂಟು ಹತ್ತು ನಿಮಿಷ.

ಇಲ್ಲಿ ಮಾತಾಡುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಮೇಲಿನವರಿಗೆ ಅಲ್ಲ. ನಿಮ್ಮ ಸ್ಟ್ಯಾಂಡಪ್‌ನಲ್ಲೂ 'ನಿನ್ನೆ ಏನು ಮಾಡಿದೆ' ಬಿಟ್ಟು 'ನನಗೆ ಎಲ್ಲಿ ಅಡ್ಡಿ, ಯಾರ ಸಹಾಯ ಬೇಕು' ಅಂತ ಮಾತ್ರ ಕೇಳಿ ನೋಡಿ. ಉತ್ತರ ಉದ್ದವಾಗುವುದಾದರೆ ಆ ಇಬ್ಬರು ಆಮೇಲೆ ಉಳಿದು ಮಾತಾಡಲಿ, ಉಳಿದವರನ್ನು ಕಳಿಸಿ.

ಮಿನಿಟ್ಸ್ ಬರೆಯೋಕೆ ಯಾವಾಗ್ಲೂ ನನಗೇ ಹೇಳ್ತಾರೆ. ಟೀಮಲ್ಲಿ ನಾನೊಬ್ಬಳೇ ಹುಡುಗಿ. ಹೇಗೆ ಹೇಳೋದು?

ಇದು ತಪ್ಪು ಅಂತ ಮೊದಲು ಹೇಳುತ್ತೇನೆ. ಮಿನಿಟ್ಸ್, ಅಂದರೆ ಮೀಟಿಂಗಿನ ನಡಾವಳಿ, ಬರೆಯುವವರಿಗೆ ಮಾತಾಡಲು ಆಗುವುದಿಲ್ಲ. ಪ್ರತಿ ಸಲ ನಿಮ್ಮ ಕೈಗೆ ಪೆನ್ನು ಕೊಟ್ಟರೆ ಪ್ರತಿ ಸಲ ನಿಮ್ಮ ಮಾತು ಹೋಯಿತು. ಸರದಿ ಮಾಡಿ ಅಂತ ಕೇಳಿ, ಅಕ್ಷರದ ಕ್ರಮದಲ್ಲಿ ಹೆಸರು ಬರೆದು ನೀವೇ ಪಟ್ಟಿ ಹಾಕಿ: "ನಾನು ಐದು ಸಲ ಬರೆದಿದ್ದೀನಿ, ಇನ್ನು ಮುಂದೆ ಈ ಸರದಿಯಲ್ಲಿ ಬರೆಯೋಣ." ಮ್ಯಾನೇಜರ್ ಹೆಸರೂ ಪಟ್ಟಿಯಲ್ಲಿ ಇರಲಿ. ಟೀ ತರಿಸುವುದು, ರೂಮ್ ಬುಕ್ ಮಾಡುವುದಕ್ಕೂ ಇದೇ ಮಾತು.

ಸರಿ, ಮಿನಿಟ್ಸ್‌ನಲ್ಲಿ ಏನಿರಬೇಕು? ನಮ್ಮದು ನಾಲ್ಕು ಪುಟ ಆಗತ್ತೆ, ಯಾರೂ ಓದಲ್ಲ.

ಯಾರು ಯಾರಿಗೆ ಏನು ಹೇಳಿದರು ಅನ್ನುವುದು ಬೇಡ. ಏನು ತೀರ್ಮಾನ ಆಯಿತು, ಯಾಕೆ ಅಂತ ಒಂದು ಸಾಲು. ಯಾರು, ಏನು, ಯಾವ ತಾರೀಕಿನೊಳಗೆ. ಯಾವುದು ಇತ್ಯರ್ಥ ಆಗಲಿಲ್ಲ. ಅರ್ಧ ಪುಟದಲ್ಲಿ ಮುಗಿಯುತ್ತದೆ. 'ಟೀಮ್ ನೋಡಿಕೊಳ್ಳುತ್ತದೆ' ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ, ಒಬ್ಬರ ಹೆಸರು ಬೇಕು. 'ಆದಷ್ಟು ಬೇಗ' ಅನ್ನುವ ತಾರೀಕು ಯಾವ ಪಂಚಾಂಗದಲ್ಲೂ ಇಲ್ಲ, ದಿನ ಬರೆಯಿರಿ. ಮೀಟಿಂಗಿನ ಕೊನೆಯ ಐದು ನಿಮಿಷ ಇದನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿ. "ನಾನು ಹಾಗೆ ಒಪ್ಪಲಿಲ್ಲ" ಅನ್ನುವವರು ಅಲ್ಲೇ ಹೇಳುತ್ತಾರೆ. ಅವತ್ತೇ ಕಳಿಸಿ.

ಕಂಪನಿಯ ಬೋರ್ಡ್ (ನಿರ್ದೇಶಕರ ಮಂಡಳಿ) ಮೀಟಿಂಗ್ ಮಾತ್ರ ಬೇರೆ. ಅದಕ್ಕೆ 2013ರ ಕಂಪನಿ ಕಾಯ್ದೆಯ ನಿಯಮ ಇದೆ. ಸಾಮಾನ್ಯವಾಗಿ ವರ್ಷಕ್ಕೆ ಕಡಿಮೆಯೆಂದರೆ 4 ಸಭೆ, ಎರಡರ ನಡುವೆ 120 ದಿನ ದಾಟಬಾರದು, 7 ದಿನ ಮುಂಚೆ ನೋಟಿಸ್, ಮಿನಿಟ್ಸ್ 30 ದಿನದೊಳಗೆ ಪುಸ್ತಕಕ್ಕೆ ಸೇರಬೇಕು. ಅದನ್ನು ಕಂಪನಿ ಸೆಕ್ರೆಟರಿಗೆ ಬಿಡಿ.

## ದೂರದವು, ಕಷ್ಟದವು

ಅಮೆರಿಕದ ಟೀಮ್ ಜೊತೆ ರಾತ್ರಿ ಒಂಬತ್ತಕ್ಕೆ ಕಾಲ್. ಮಗಳು ಮಲಗೋ ಹೊತ್ತು. ಯಾವಾಗ್ಲೂ ನಾವೇ ಅಡ್ಜಸ್ಟ್ ಮಾಡ್ಕೋಬೇಕಾ?

ಬೇಕಿಲ್ಲ. ಆದರೆ ಕೇಳುವ ಮುಂಚೆ ಲೆಕ್ಕ ಕೈಯಲ್ಲಿರಲಿ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅವರ ಬೆಳಗಿನ ಏಳೂವರೆ ಜುಲೈನಲ್ಲಿ ನಮಗೆ ರಾತ್ರಿ 8, ಡಿಸೆಂಬರಿನಲ್ಲಿ ರಾತ್ರಿ 9. ನಮ್ಮ ಗಡಿಯಾರ ಬದಲಾಗುವುದಿಲ್ಲ, ಅವರದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಬದಲಾಗುತ್ತದೆ. ಯುರೋಪಿನದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಆ ನಡುವಿನ ವಾರಗಳಲ್ಲಿ ಮೂರು ದೇಶದ ಕಾಲ್ ಇದ್ದರೆ ಯಾರಾದರೊಬ್ಬರು ಒಂದು ಗಂಟೆ ತಪ್ಪುವುದು ಖಚಿತ, ಮೊದಲೇ ನೆನಪಿಸಿ.

ನಾನು ಕೇಳಿ ಪಡೆದದ್ದು ಸರದಿ. ಒಂದು ತಿಂಗಳು ನಮ್ಮ ರಾತ್ರಿ, ಇನ್ನೊಂದು ತಿಂಗಳು ನಮ್ಮ ಬೆಳಗಿನ ಎಂಟೂವರೆ. ಬೇಸಿಗೆಯಲ್ಲಿ ಆಗ ಅವರಿಗೆ ರಾತ್ರಿ ಎಂಟು. "ಎರಡು ವರ್ಷದಿಂದ ನಮ್ಮ ಕಡೆಯ ಆರು ಜನ ರಾತ್ರಿ ಊಟ ಬಿಟ್ಟು ಬರುತ್ತಿದ್ದೇವೆ" ಅಂತ ನೇರವಾಗಿ ಬರೆದೆ. ಅವರಿಗೆ ನಿಜವಾಗಿಯೂ ಅಂದಾಜಿರಲಿಲ್ಲ, ಅವರ ಪರದೆಯಲ್ಲಿ ಅದು ಬೆಳಗಿನ ಕಾಫಿ ಹೊತ್ತು ಅಷ್ಟೇ. ವಾರಕ್ಕೆ ಮೂರು ಇದ್ದದ್ದನ್ನು ಒಂದಕ್ಕೆ ಇಳಿಸಿ ಉಳಿದದ್ದನ್ನು ಬರವಣಿಗೆಗೆ ಹಾಕಿದೆವು. ಶುಕ್ರವಾರ ರಾತ್ರಿಯ ಕಾಲ್ ಒಪ್ಪಲೇಬೇಡಿ. ನವೆಂಬರ್ 1 ನಮಗೆ ರಜೆ, ಯುಗಾದಿ ರಜೆ ಅಂತ ವರ್ಷದ ಮೊದಲಲ್ಲೇ ಅವರ ಕ್ಯಾಲೆಂಡರಿಗೆ ಹಾಕಿಬಿಡಿ.

ಅರ್ಧ ಜನ ಆಫೀಸಲ್ಲಿ, ಅರ್ಧ ಜನ ಮನೇಲಿ. ಮನೇಲಿರೋರಿಗೆ ಏನೂ ಕೇಳಿಸಲ್ಲ.

ಒಬ್ಬರು ಆನ್‌ಲೈನ್ ಇದ್ದರೂ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದಲೇ ಸೇರಿ. ಕೋಣೆಯಲ್ಲಿರುವವರ ಮೈಕ್ ಒಂದೇ ಆನ್ ಇರಲಿ, ಇಲ್ಲದಿದ್ದರೆ ಕೂಗು ಬರುತ್ತದೆ. ಪ್ರತಿ ಪ್ರಶ್ನೆಯನ್ನೂ ಮೊದಲು ದೂರದವರಿಗೆ ಕೇಳಿ. ಕ್ಯಾಮೆರಾ ಹಾಕಲೇಬೇಕು ಅಂತ ಒತ್ತಾಯ ಬೇಡ. ಒಂದೇ ಕೋಣೆಯ ಮನೆಯಲ್ಲಿ ಅತ್ತೆ ಮಾವನ ಜೊತೆ ಇರುವವರಿಗೆ ಅದು ಎಷ್ಟು ಸಂಕಟ ಅಂತ ಯೋಚಿಸಿ. ಕುಕ್ಕರ್ ಕೂಗಿದರೆ ಕೂಗಲಿ.

ಹೊಸ ಐಡಿಯಾ ಬೇಕು ಅಂತ ಎಲ್ಲರನ್ನೂ ಸೇರಿಸ್ತೀವಿ. ಎರಡು ಗಂಟೆ ಆದ್ರೂ ಬರೋದು ಹಳೇವೇ.

ಸೇರಿ ಕೂಗಾಡಿದರೆ ಐಡಿಯಾ ಬರುತ್ತದೆ ಅನ್ನುವ ನಂಬಿಕೆಯನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ 1958ರಲ್ಲೇ ಪರೀಕ್ಷೆ ಮಾಡಿದ್ದರು. ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟದ್ದಕ್ಕಿಂತ, ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನು ಸೇರಿಸಿದಾಗ ಸಿಕ್ಕ ಐಡಿಯಾಗಳೇ ಜಾಸ್ತಿ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಲ್ಲ, ಅಷ್ಟರಲ್ಲಿ ತಮ್ಮದು ಮರೆತುಹೋಗುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ಚೀಟಿಯಲ್ಲಿ ಬರೆಯಲಿ, ಹೆಸರು ಹಾಕದೆ. ಚೀಟಿಗಳನ್ನು ಗೋಡೆಗೆ ಅಂಟಿಸಿ, ಆಮೇಲೆ ಮಾತು.

ಎಲ್ಲರೂ ಹೂಂ ಅಂತಾರೆ. ಆಚೆ ಬಂದಮೇಲೆ ‘ಇದು ಆಗೋ ಕೆಲಸ ಅಲ್ಲ’ ಅಂತಾರೆ. ಯಾಕೆ ಒಳಗೇ ಹೇಳಲ್ಲ?

ಒಳಗೆ ಹೇಳಿದರೆ ಏನಾಗುತ್ತದೆ ಅಂತ ಅವರು ಹಿಂದೆ ನೋಡಿದ್ದಾರೆ, ಅದಕ್ಕೆ. ಎಲ್ಲರಿಗೂ ಬೇಡವಾದದ್ದನ್ನು, ಉಳಿದವರಿಗೆ ಬೇಕೇನೋ ಅಂದುಕೊಂಡು ಎಲ್ಲರೂ ಒಪ್ಪುವುದೂ ಇದೆ. ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಜೆರ್ರಿ ಹಾರ್ವೆ ಅನ್ನುವವರು 1974ರಲ್ಲಿ ತಮ್ಮ ಮನೆಯ ಉದಾಹರಣೆ ಕೊಟ್ಟು ಇದನ್ನು ಬರೆದರು: ಟೆಕ್ಸಾಸಿನ ಸುಡುಬಿಸಿಲಲ್ಲಿ ಊಟಕ್ಕೆಂದು ಮನೆಮಂದಿಯೆಲ್ಲ ದೂರದ ಅಬಿಲೀನ್ ಊರಿಗೆ ಕಾರಲ್ಲಿ ಹೋಗಿ ಬಂದರು, ಬಂದಮೇಲೆ ನೋಡಿದರೆ ಹೋಗುವ ಮನಸ್ಸು ಒಬ್ಬರಿಗೂ ಇರಲಿಲ್ಲ.

ಊಟದ ವಿಷಯದಲ್ಲಿ ಅದು ಬಿಸಿಲಿಗೆ ಮುಗಿಯಿತು. 1986ರ ಜನವರಿ 27ರ ರಾತ್ರಿ ನಡೆದ ಟೆಲಿಫೋನ್ ಮೀಟಿಂಗ್ ಹಾಗೆ ಮುಗಿಯಲಿಲ್ಲ. ಮರುದಿನ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಹಾರಬೇಕಿತ್ತು. ರಾಕೆಟ್ ಮಾಡಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರ್‌ಗಳು, ರೋಜರ್ ಬಾಯ್ಸ್‌ಜಾಲಿ ಮತ್ತು ಆರ್ನಿ ಥಾಂಪ್ಸನ್ ಅವರಲ್ಲಿ ಮುಖ್ಯರು, ಈ ಚಳಿಯಲ್ಲಿ ಜೋಡಣೆಯ ರಬ್ಬರ್ ಉಂಗುರ ಸರಿಯಾಗಿ ಬಿಗಿಯಾಗುವುದಿಲ್ಲ, ಹಾರಿಸಬೇಡಿ ಅಂದರು. ನಾಸಾ ಕಡೆಯವರು ಅಸಮಾಧಾನ ತೋರಿಸಿದರು. ಕಂಪನಿಯವರು ತಮ್ಮಲ್ಲೇ ಮಾತಾಡಲು ಐದು ನಿಮಿಷ ಬಿಡುವು ಕೇಳಿ ಫೋನಿನಿಂದ ಆಚೆ ಹೋದರು, ಅದು ಅರ್ಧ ಗಂಟೆಯಾಯಿತು. ಕೊನೆಗೆ ಮ್ಯಾನೇಜರ್‌ಗಳು ಮಾತ್ರ ತೀರ್ಮಾನ ಮಾಡಿದರು. ಎಂಜಿನಿಯರ್‌ಗಳ ಮತ ಕೇಳಲಿಲ್ಲ. ಮತ್ತೆ ಫೋನಿಗೆ ಬಂದು ಹಾರಿಸಬಹುದು ಅಂದರು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆಯಿತು, ಏಳು ಜನ ಸತ್ತರು. ಗೊತ್ತಿದ್ದವರು ಅಲ್ಲೇ ಇದ್ದರು, ಹೇಳಿಯೂ ಇದ್ದರು. ನಮ್ಮ ಸ್ಟೋರ್ಸ್‌ನ ಹಿರಿಯರು ಮಡಿಲಲ್ಲಿ ರಿಜಿಸ್ಟರ್ ಹಿಡಿದು ಕೂತದ್ದು ನನಗೆ ಇಲ್ಲಿ ಮತ್ತೆ ನೆನಪಾಗುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ತೀರ್ಮಾನ ಆಗುವ ಮುಂಚೆ ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಅವರು ಹೇಳುವ ಒಂದು ವಿಧಾನ ಬಳಸಿ. "ಆರು ತಿಂಗಳು ಆಗಿದೆ, ಈ ಕೆಲಸ ಪೂರ್ತಿ ಕೆಟ್ಟುಹೋಗಿದೆ ಅಂತ ಇಟ್ಟುಕೊಳ್ಳಿ. ಯಾಕೆ ಕೆಟ್ಟಿತು, ಬರೆಯಿರಿ." ಎಲ್ಲರೂ ಬರೆಯಬೇಕು. "ಕೆಡಬಹುದಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಕೆಟ್ಟುಹೋಗಿದೆ ಅಂತ ಹೇಳಿ ಕಾರಣ ಕೇಳಿದರೆ ಕಾರಣ ಬರುತ್ತದೆ. ಆಮೇಲೆ, ಬೇಡ ಅಂದವರಿಗೆ ಎಲ್ಲರ ಎದುರು ಥ್ಯಾಂಕ್ಸ್ ಹೇಳಿ, ಅವರ ಮಾತನ್ನು ಮಿನಿಟ್ಸಿಗೆ ಹಾಕಿ. ಉಳಿದವರು ಅದನ್ನೇ ನೋಡುತ್ತಿರುತ್ತಾರೆ.

ಮೂರು ವರ್ಷದಿಂದ ಪ್ರತಿ ಗುರುವಾರ ಒಂದು ಮೀಟಿಂಗ್ ನಡೀತಿದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ನಿಲ್ಲಿಸೋದು ಹೇಗೆ?

ನಿಲ್ಲಿಸೋಣ ಅಂದರೆ ಯಾರೋ ಒಬ್ಬರು ಬೇಡ ಅನ್ನುತ್ತಾರೆ. ನಾಲ್ಕು ವಾರ ತಡೆದು ನೋಡೋಣ ಅನ್ನಿ. ಆ ನಾಲ್ಕು ವಾರದಲ್ಲಿ ಏನು ಅಡಚಣೆಯಾಯಿತು ಅಂತ ಬರೆದಿಡಿ. ಏನೂ ಆಗದಿದ್ದರೆ ಮತ್ತೆ ಶುರು ಮಾಡಬೇಡಿ. 2023ರ ಜನವರಿಯಲ್ಲಿ ಕೆನಡಾದ ಶಾಪಿಫೈ ಕಂಪನಿ ಮೂರು ಅಥವಾ ಹೆಚ್ಚು ಜನ ಸೇರುವ, ತಾನಾಗಿ ಮರುಕಳಿಸುವ ಎಲ್ಲ ಮೀಟಿಂಗ್‌ಗಳನ್ನೂ ಕ್ಯಾಲೆಂಡರಿನಿಂದ ಅಳಿಸಿತು, ಬುಧವಾರ ಮೀಟಿಂಗ್ ಬೇಡ ಅಂತಲೂ ಮಾಡಿತು. ನಾವು ಅಷ್ಟು ದೊಡ್ಡದಾಗಿ ಮಾಡಬೇಕಿಲ್ಲ. ಹೊಸ ವಾರದ ಮೀಟಿಂಗ್ ಹಾಕುವಾಗಲೇ ಮೂರು ತಿಂಗಳಿಗೆ ಕೊನೆಯ ದಿನ ಇಟ್ಟುಬಿಡಿ. ಬೇಕಾದರೆ ಯಾರಾದರೂ ಕೇಳಿ ಮುಂದುವರಿಸಲಿ.

ನಾನು ಜೂನಿಯರ್. ಮೀಟಿಂಗ್ ಕರೆಯೋದು ಬಾಸ್. ಇದೆಲ್ಲ ಓದಿ ನಾನೇನು ಮಾಡೋಕಾಗತ್ತೆ?

ಬಹಳ ಮಾಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಕರೆ ಬಂದಾಗ "ಸರ್, ನಾನು ಏನು ಓದಿಕೊಂಡು ಬರಲಿ?" ಅಂತ ಕೇಳಿ. ಅಜೆಂಡಾ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರ ಕೊಡಲು ಅವರೇ ಒಂದು ಬರೆಯುತ್ತಾರೆ. ಮಾತು ದಾರಿ ತಪ್ಪಿದರೆ "ಮೇಡಂ, ಈ ವೆಂಡರ್ ವಿಷಯ ಮುಗೀತಾ, ನಾನು ಹೇಗೆ ಬರ್ಕೊಳ್ಳಲಿ?" ಅನ್ನಿ. ಮುಗಿಯುವಾಗ "ಹಾಗಾದ್ರೆ ನಾನು ಬುಧವಾರದೊಳಗೆ ರೇಟ್ ತರಿಸ್ತೀನಿ, ಅಲ್ವಾ ಸರ್" ಅಂತ ನಿಮ್ಮ ಪಾಲನ್ನು ಗಟ್ಟಿಯಾಗಿ ಹೇಳಿ, ಪಕ್ಕದವರೂ ತಮ್ಮದನ್ನು ಹೇಳಬೇಕಾಗುತ್ತದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಯಾರಾದರೂ ರಿಜಿಸ್ಟರ್ ತೆರೆದು ಮುಚ್ಚುತ್ತಿದ್ದರೆ, ನಾನು ಅವತ್ತು ಕೇಳದೆ ಬಿಟ್ಟದ್ದನ್ನು ನೀವು ಕೇಳಿ: "ಅಣ್ಣ, ನೀವೇನೋ ಹೇಳ್ಬೇಕು ಅಂತಿದ್ರಿ?"